ನಿಮಗಿದು ಗೊತ್ತೇ? ಚೇಳು ಕಡಿದರೆ ಕೈಕಾಲು ತಣ್ಣಗಾಗುವುದೇಕೆ

ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದು ಅಡ್ರಿನಲ್ ಗ್ರಂಥಿ ಕೂತಿದೆ. ಒಂದರ ತೂಕ 4–5 ಗ್ರಾಂ ಅಷ್ಟೆ. ಬೆದರಿದಾಗ ಎದೆ ಡವಗುಟ್ಟುವಂತೆ ಮಾಡುವ ಅಡ್ರಿನಲಿನ್ ಹುಟ್ಟುವುದು ಇದರ ತಿರುಳಿನಲ್ಲಿ.

ಅದೇ ಗ್ರಂಥಿಯ ಸಿಪ್ಪೆಗೂ ತಿರುಳಿಗೂ ನಡವಳಿಕೆ ಬೇರೆ ಬೇರೆ. ಸಿಪ್ಪೆಯಲ್ಲಿ ತಯಾರಾಗುವ ಕಾರ್ಟಿಸಾಲ್ ಕೊಬ್ಬಿನ ಜಾತಿಯದು. ಕೋಶದ ಪೊರೆಯೂ ಕೊಬ್ಬಿನದೇ. ಹಾಗಾಗಿ ಅದು ಪೊರೆಯೊಳಗಿಂದಲೇ ನುಸುಳಿ ಹೊರಬೀಳುತ್ತದೆ, ಕೂಡಿಡಲು ಬರುವುದಿಲ್ಲ. ತಿರುಳಿನ ಕ್ರೋಮಾಫಿನ್ ಕೋಶಗಳು ಮಾತ್ರ ಸರಕನ್ನು ಮೊದಲೇ ತಯಾರಿಸಿ ದಾಸ್ತಾನು ಮಾಡುತ್ತವೆ.

ನಮ್ಮ ಕಡೆ ಹಿಂದೆ ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದ ಹಾಗೆಯೇ ಈ ದಾಸ್ತಾನು. ದನದ ಅಡ್ರಿನಲ್ ಗ್ರಂಥಿಯ ಒಂದೇ ಕೋಶದಲ್ಲಿ ಸುಮಾರು 10,000ದಿಂದ 30,000 ಸೂಕ್ಷ್ಮ ಚೀಲಗಳಿವೆ. ಒಂದೊಂದರಲ್ಲೂ ಹಾರ್ಮೋನಿನ ಲಕ್ಷಗಟ್ಟಲೆ ಅಣುಗಳು. ಇಷ್ಟು ಗಟ್ಟಿ ದ್ರಾವಣ ನೀರನ್ನು ಎಳೆದುಕೊಂಡು ಚೀಲವನ್ನೇ ಒಡೆಯಬೇಕಿತ್ತು. ಒಡೆಯುವುದಿಲ್ಲ, ಏಕೆಂದರೆ ಎಟಿಪಿ ಎಂಬ ಅಣುವೂ ಕ್ರೋಮೋಗ್ರಾನಿನ್ ಎಂಬ ಪ್ರೋಟೀನೂ ಹಾರ್ಮೋನಿನ ಅಣುಗಳನ್ನು ಒಟ್ಟುಗೂಡಿಸಿ ಹಿಡಿದಿಟ್ಟಿರುತ್ತವೆ.

ಚೀಲದ ಒಳಗೆ ಹುಳಿ! ಪೊರೆಯಲ್ಲಿರುವ ಪಂಪು ಪ್ರೋಟಾನುಗಳನ್ನು ಒಳಕ್ಕೆ ತಳ್ಳುತ್ತಲೇ ಇರುತ್ತದೆ. ಆ ಪ್ರೋಟಾನುಗಳು ಹೊರಬರುವಾಗ, ಅವುಗಳ ಬದಲಿಗೆ ಹಾರ್ಮೋನು ಒಳಸೇರುತ್ತದೆ. ಎರಡು ಪ್ರೋಟಾನು ಹೊರಗೆ, ಒಂದು ಅಣು ಒಳಗೆ.

ಇನ್ನೊಂದು ಸೋಜಿಗ: ನಾರ್‌ಅಡ್ರಿನಲಿನ್ ತಯಾರಾಗುವುದು ಚೀಲದೊಳಗೆ. ಅದನ್ನು ಅಡ್ರಿನಲಿನ್ ಮಾಡುವ ಕಿಣ್ವ ಇರುವುದು ಚೀಲದ ಹೊರಗೆ. ಆದ್ದರಿಂದ ಅಣು ಒಮ್ಮೆ ಹೊರಬಂದು, ರೂಪ ಬದಲಿಸಿಕೊಂಡು, ಮತ್ತೆ ಒಳಗೆ ಹೋಗಬೇಕು.

ಬಾಗಿಲು ತೆಗೆಯುವುದು ಕ್ಯಾಲ್ಸಿಯಂ. ನರದ ಸಂದೇಶ ಮುಟ್ಟಿದೊಡನೆ ಅದು ಕೋಶದೊಳಗೆ ನುಗ್ಗುತ್ತದೆ, ಚೀಲದ ಪೊರೆ ಕೋಶದ ಪೊರೆಯೊಡನೆ ಬೆಸೆದು ಸರಕು ರಕ್ತಕ್ಕೆ ಸುರಿಯುತ್ತದೆ. ಕ್ಯಾಲ್ಸಿಯಂ ಇಲ್ಲದೆ ಇದು ನಡೆಯದು ಎಂದು ಡಗ್ಲಸ್ ಮತ್ತು ರೂಬಿನ್ 1961ರಲ್ಲಿ ತೋರಿಸಿದರು.

ಒಂದೇ ಒಂದು ಚೀಲ ಬೆಸೆಯುವ ಗಳಿಗೆಯನ್ನೂ ಅಳೆಯಬಹುದು. ಚೀಲ ಸೇರಿದಾಗ ಕೋಶದ ಮೈ ಕೂದಲೆಳೆಯಷ್ಟು ಹಿಗ್ಗುತ್ತದೆ, ಪೊರೆ ಹಿಡಿದಿಡುವ ವಿದ್ಯುದಂಶವೂ ಅಷ್ಟೇ ಏರುತ್ತದೆ. ಎರ್ವಿನ್ ನೇಹರ್ ಮತ್ತು ಅಲೆನ್ ಮಾರ್ಟಿ 1982ರಲ್ಲಿ ದನದ ಕ್ರೋಮಾಫಿನ್ ಕೋಶದಲ್ಲಿ ಈ ಸಣ್ಣ ಏರಿಕೆಗಳನ್ನು ದಾಖಲಿಸಿದರು. ನೇಹರ್‌ಗೆ 1991ರಲ್ಲಿ ಬರ್ಟ್ ಸಾಕ್‌ಮನ್ ಜತೆ ನೊಬೆಲ್ ಬಂತು, ಪೊರೆಯ ಅಯಾನು ಮಾರ್ಗಗಳ ಕೆಲಸಕ್ಕೆ.

ಇದೆಲ್ಲ ನಮ್ಮ ಗದಗ ಜಿಲ್ಲೆಯವರಿಗೆ ಏಕೆ ಬೇಕು? ಚೇಳಿಗಾಗಿ. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಹೊಲದ ಒಡ್ಡು, ಕಲ್ಲಿನ ಗುಂಪೆ, ಕಣಕಿ ಬಣವಿ, ಗದಗ-ಬೆಟಗೇರಿಯ ಹಳೇ ಮಣ್ಣಿನ ಮಾಳಿಗೆ ಮನೆ, ಎಲ್ಲವೂ ಚೇಳು ಅಡಗುವಂಥ ಜಾಗಗಳೇ. ದೊಡ್ಡ ಕರಿ ಚೇಳನ್ನು ಕಂಡು ಎಲ್ಲರೂ ಹೌಹಾರುತ್ತಾರೆ. ಜೀವಕ್ಕೆ ಹೆಚ್ಚು ಕುತ್ತು ತರುವುದು ಸಣ್ಣ ಕೆಂಪು ಚೇಳು. ಮಹಾರಾಷ್ಟ್ರ, ಕರ್ನಾಟಕ, ಆಂಧ್ರದಲ್ಲಿ ಅದರ ವಾಸ. ಅದರ ವಿಷ ನರದ ಸೋಡಿಯಂ ಮಾರ್ಗಗಳನ್ನು ಮುಚ್ಚಲು ಬಿಡುವುದಿಲ್ಲ. ಸಂದೇಶ ನಿಲ್ಲುವುದೇ ಇಲ್ಲ. ನರತುದಿಗಳೂ ಅಡ್ರಿನಲ್ ತಿರುಳೂ ಕೂಡಿಟ್ಟದ್ದನ್ನೆಲ್ಲ ಸುರಿಯುತ್ತವೆ. ಚರ್ಮದ ರಕ್ತನಾಳಗಳು ಬಿಗಿದು ಕೈಕಾಲು ತಣ್ಣಗಾಗುತ್ತವೆ, ಬೆವರು ಕಿತ್ತು ಬರುತ್ತದೆ, ವಾಂತಿಯಾಗುತ್ತದೆ. ಹೃದಯ ಸೋತರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಕ್ಕಳಿಗೆ ಅಪಾಯ ಹೆಚ್ಚು. ಕಡಿದ ಜಾಗದ ನೋವು ಇಳಿಯಿತೆಂದು ಮಂತ್ರ ಹಾಕಿಸಿಕೊಂಡು ಮನೆಯಲ್ಲೇ ಉಳಿಯುವುದು ಬೇಡ. ಬೆವರು, ವಾಂತಿ, ತಣ್ಣನೆ ಅಂಗೈ ಕಂಡರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು.

ಹಾರ್ಮೋನಿನ ಈ ಬಿರುಗಾಳಿಗೆ ತಡೆ ಹುಡುಕಿದವರು ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಹಳ್ಳಿಗಾಡಿನ ವೈದ್ಯ ಹಿಮ್ಮತರಾವ್ ಬಾವಸ್ಕರ್. ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಾಜೋಸಿನ್ ಎಂಬ ಅಗ್ಗದ ಗುಳಿಗೆಯನ್ನು ಅವರು ಚೇಳು ಕಡಿದವರಿಗೆ ಕೊಟ್ಟರು. ಅದು ಸುರಿದ ಹಾರ್ಮೋನನ್ನು ವಾಪಸು ತುಂಬುವುದಿಲ್ಲ, ರಕ್ತನಾಳಗಳು ಅದರ ಮಾತು ಕೇಳದಂತೆ ಮಾಡುತ್ತದೆ. ಪ್ರಾಜೋಸಿನ್ ಜತೆ ಪ್ರತಿವಿಷವನ್ನೂ ಕೊಟ್ಟರೆ ಚೇತರಿಕೆ ಬೇಗ ಎಂದು 2011ರಲ್ಲಿ ಪ್ರಕಟವಾದ ಅವರ ಪ್ರಯೋಗ ತೋರಿಸಿತು: ಸರಾಸರಿ 8 ಗಂಟೆ, ಬರೀ ಗುಳಿಗೆಯಾದರೆ ಸುಮಾರು 18 ಗಂಟೆ. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅದಕ್ಕಿಂತ ಬಹಳ ಮೊದಲೇ ಸಲ್ಲಬೇಕಿತ್ತು.

ಅದೇ ಕೆಂಪು ಚೇಳಿನ ವಿಷದಲ್ಲಿ ಐಬೀರಿಯೋಟಾಕ್ಸಿನ್ ಎಂಬ 37 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನೂ ಇದೆ. 1990ರಲ್ಲಿ ಅದನ್ನು ಬೇರ್ಪಡಿಸಿದರು. ಕ್ರೋಮಾಫಿನ್ ಕೋಶದ ಪೊಟ್ಯಾಸಿಯಂ ಮಾರ್ಗಗಳ ಅಧ್ಯಯನದಲ್ಲಿ ಅದು ಈಗ ಸಲಕರಣೆ.

ಕಡೆಯದಾಗಿ, ಇದೇ ಚೀಲಗಳಿಗೆ ನಂಟಿರುವ ಸರ್ಪಗಂಧ. ಈ ಗಿಡದ ಬೇರು ರಕ್ತದೊತ್ತಡ ಇಳಿಸುತ್ತದೆಂದು ಮುಂಬಯಿಯ ವೈದ್ಯ ರುಸ್ತಮ್ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದು ಲೋಕಕ್ಕೆ ತಿಳಿಸಿದರು. 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಟ್ಟಿತು. ಅದು ಹಿಡಿಯುವುದು ಚೀಲಕ್ಕೆ ಹಾರ್ಮೋನು ತುಂಬುವ ಬಾಗಿಲನ್ನೇ. ಹಿಡಿತ ಎಷ್ಟು ಬಿಗಿಯೆಂದರೆ ಹೊಸ ಚೀಲಗಳು ಹುಟ್ಟಿ ಬರುವ ತನಕ ದಾಸ್ತಾನು ಮೊದಲಿನಂತಾಗದು. ಗುಳಿಗೆ ನಿಲ್ಲಿಸಿದ ಮೇಲೂ ಪರಿಣಾಮ ದಿನಗಟ್ಟಲೆ ಉಳಿಯುತ್ತದೆ.