ಪೆರೋಲಿನ ಐದು ದಿನ

ಸ್ನೇಹಲತಾ ರೆಡ್ಡಿ ಜೈಲಿನಲ್ಲಿ ಸತ್ತರು ಎಂದು ಯಾರಾದರೂ ಬರೆದರೆ ಅದನ್ನು ತಿದ್ದುವುದಕ್ಕೆ ಒಬ್ಬರಾದರೂ ಮುಂದೆ ಬರುತ್ತಾರೆ. ತಾಂತ್ರಿಕವಾಗಿ ಅವರು ಹೇಳುವುದು ಸರಿಯೇ. 1977ರ ಜನವರಿ 15ರಂದು ಬೆಂಗಳೂರು ಸೆಂಟ್ರಲ್ ಜೈಲಿನಿಂದ ಸ್ನೇಹಲತಾ ಅವರನ್ನು ಪೆರೋಲ್ ಮೇಲೆ ಹೊರಗೆ ಕಳಿಸಿದರು. 18ರಂದು ಇಂದಿರಾ ಗಾಂಧಿ ಆಕಾಶವಾಣಿಯಲ್ಲಿ ಲೋಕಸಭಾ ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು. ಎಂಟು ತಿಂಗಳಿಗೂ ಮೇಲ್ಪಟ್ಟು ಬೀಗ ಹಾಕಿ ಇಟ್ಟುಕೊಂಡವರು ಕೊನೆಯ ಐದು ದಿನ ಮಾತ್ರ ಅವರನ್ನು ಮನೆಯವರ ಕೈಗೆ ಒಪ್ಪಿಸಿದ್ದರು. ನನ್ನ ತಕರಾರೆಲ್ಲ ಆ ಐದು ದಿನಗಳ ಲೆಕ್ಕದ ಮೇಲೆ.

ಕನ್ನಡಿಗರಿಗೆ ಅವರು ಚಂದ್ರಿ. ಅನಂತಮೂರ್ತಿಯವರ ‘ಸಂಸ್ಕಾರ’ 1970ರಲ್ಲಿ ಸಿನಿಮಾ ಆದಾಗ ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯ, ಲಂಕೇಶರು ನಾರಣಪ್ಪ, ಸ್ನೇಹಲತಾ ಚಂದ್ರಿ. ನಿರ್ದೇಶಿಸಿದವರು ಅವರ ಪತಿ, ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ. ಸೆನ್ಸಾರ್ ಮಂಡಳಿ ಮೊದಲು ತಡೆ ಹಾಕಿದ್ದ ಆ ಚಿತ್ರವೇ ಆಮೇಲೆ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದುಕೊಟ್ಟಿತು. ಅಗ್ರಹಾರದಲ್ಲಿ ಹೆಣ ಕೊಳೆಯುತ್ತಿದೆ, ಗಂಡಸರೆಲ್ಲ ಧರ್ಮಶಾಸ್ತ್ರದಲ್ಲಿ ಉತ್ತರ ಹುಡುಕುತ್ತಿದ್ದಾರೆ. ರಾತ್ರೋರಾತ್ರಿ ಹೆಣ ಸುಡಿಸಿ ಹೊರಟುಹೋಗುವವಳು ಚಂದ್ರಿ. ಆ ಪಾತ್ರಕ್ಕೆ ಮಾತು ಕಡಿಮೆ. ಪರದೆಯ ಆಚೆಯ ಸ್ನೇಹಲತಾ ಹಾಗಿರಲಿಲ್ಲ, ನೇರ ಮಾತಿನವರು. ಮದ್ರಾಸಿನ ‘ಮದ್ರಾಸ್ ಪ್ಲೇಯರ್ಸ್’ ನಾಟಕ ತಂಡ ಕಟ್ಟಿದವರಲ್ಲಿ ಒಬ್ಬರು. ಗಂಡ ಹೆಂಡತಿ ಇಬ್ಬರೂ ಲೋಹಿಯಾ ಹಾದಿಯ ಸಮಾಜವಾದಿಗಳು, ಜಾರ್ಜ್ ಫರ್ನಾಂಡಿಸ್ ಸ್ನೇಹಿತರು.

ಆ ಸ್ನೇಹವೇ ಮುಳುವಾಯಿತು. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಬಂದ ಮೇಲೆ ಜಾರ್ಜ್ ಭೂಗತರಾದರು. ರೈಲು ಹಳಿ, ಸರ್ಕಾರಿ ಆಸ್ತಿಗಳನ್ನು ಡೈನಮೈಟ್ ಇಟ್ಟು ಸ್ಫೋಟಿಸುವ ಸಂಚು ಎಂದು ಸಿಬಿಐ ಹೂಡಿದ ಮೊಕದ್ದಮೆಗೆ ‘ಬರೋಡಾ ಡೈನಮೈಟ್ ಪ್ರಕರಣ’ ಎಂಬ ಹೆಸರು ಬಿತ್ತು. ಜಾರ್ಜ್ ಎಲ್ಲಿದ್ದಾರೆಂದು ಪತ್ತೆಹಚ್ಚಲು ಪೊಲೀಸರು ಅವರ ಸುತ್ತಲಿನವರನ್ನೆಲ್ಲ ಹಿಡಿಯತೊಡಗಿದರು. ಬೆಂಗಳೂರಿನಲ್ಲಿ ಅವರ ತಮ್ಮ ಲಾರೆನ್ಸ್ ಅವರನ್ನು ಎಳೆದೊಯ್ದು ಚಿತ್ರಹಿಂಸೆ ಕೊಟ್ಟರು. 1976ರ ಮೇ 2ರಂದು ಸ್ನೇಹಲತಾ ಬಂಧನವಾಯಿತು. ಜಾರ್ಜ್ ಜೂನ್ 10ರಂದು ಕಲ್ಕತ್ತೆಯಲ್ಲಿ ಸಿಕ್ಕಿಬಿದ್ದರು. ಮುಂದೆ ಸಿಬಿಐ 25 ಮಂದಿಯ ಮೇಲೆ ಆರೋಪಪಟ್ಟಿ ಹಾಕಿತು. ಅದರಲ್ಲಿ ಸ್ನೇಹಲತಾ ಹೆಸರೇ ಇರಲಿಲ್ಲ.

ಹಾಗಾದರೆ ಬಿಡಬೇಕಿತ್ತಲ್ಲ? ಬಿಡಲಿಲ್ಲ. ಮಿಸಾ ಎಂಬ ಆಂತರಿಕ ಭದ್ರತಾ ಕಾಯ್ದೆಯಡಿ ಯಾಕೆ ಹಿಡಿದಿದ್ದೇವೆ ಎಂದು ಹೇಳುವ ಗರಜೇ ಸರ್ಕಾರಕ್ಕಿರಲಿಲ್ಲ. ಮಿಸಾ ಮತ್ತು ದೇಶ ರಕ್ಷಣಾ ನಿಯಮಗಳಡಿ ದೇಶದಾದ್ಯಂತ ಬಂಧಿತರಾದವರು 1,10,806 ಮಂದಿ ಎಂದು ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಶಾ ಆಯೋಗ ಆಮೇಲೆ ಲೆಕ್ಕ ಕೊಟ್ಟಿತು. ಕೋರ್ಟಿಗೆ ಹೋಗೋಣವೆಂದರೆ ಅದೂ ಮುಗಿದಿತ್ತು. ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಕೇಳಬಹುದು ಎಂದಿದ್ದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಪೊಲೀಸನೊಬ್ಬ ವೈಯಕ್ತಿಕ ದ್ವೇಷಕ್ಕೆ ಯಾರನ್ನಾದರೂ ಕೊಂದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದಾಗ, ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂದು ಅಟಾರ್ನಿ ಜನರಲ್ ನೀರೇನ್ ಡೇ ಒಪ್ಪಿಕೊಂಡರು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ ತೀರ್ಪಿತ್ತರು. ಖನ್ನಾ ಒಬ್ಬರೇ ಭಿನ್ನರಾದರು, ಅದಕ್ಕೆ ಮುಖ್ಯ ನ್ಯಾಯಮೂರ್ತಿ ಹುದ್ದೆಯನ್ನೇ ತೆತ್ತರು. ಆ ಬಹುಮತದ ತೀರ್ಪಿನಲ್ಲಿ ನ್ಯಾಯಮೂರ್ತಿ ಎಂ.ಎಚ್. ಬೇಗ್ ಒಂದು ಮಾತು ಸೇರಿಸಿದ್ದಾರೆ. ಬಂಧಿತರ ವಸತಿ, ಊಟ, ಉಪಚಾರ ಎಲ್ಲ ಚೆನ್ನಾಗಿದೆ, ಸರ್ಕಾರ ಅವರನ್ನು ಹೆಚ್ಚುಕಡಿಮೆ ತಾಯಿಯ ಅಕ್ಕರೆಯಿಂದ ನೋಡಿಕೊಳ್ಳುತ್ತಿದೆ ಎಂಬುದು ಅದರ ತಾತ್ಪರ್ಯ.

ಇದಾದ ನಾಲ್ಕನೇ ದಿನಕ್ಕೆ ಸ್ನೇಹಲತಾ ಆ ತಾಯಿಯ ಮಡಿಲು ಸೇರಿದರು.

ಅವರಿಗೆ ದಮ್ಮಿನ ಕಾಯಿಲೆ ಹಳೆಯದು. ನನಗೂ ಇದೆ, ಚಿಕ್ಕಂದಿನಿಂದ. ಹಾಗಾಗಿ ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ದಮ್ಮು ಹತ್ತುವುದು ಸಾಮಾನ್ಯವಾಗಿ ನಡುರಾತ್ರಿ ಕಳೆದ ಮೇಲೆ, ಬೆಳಗಿನ ಜಾವ. ಉಸಿರು ಒಳಗೆ ಹೋಗುವುದು ಕಷ್ಟ ಎಂದು ನೋಡುವವರು ತಿಳಿಯುತ್ತಾರೆ. ನಿಜವಾದ ಕಷ್ಟ ಅದನ್ನು ಹೊರಗೆ ಬಿಡುವುದರಲ್ಲಿ. ಶ್ವಾಸನಾಳಗಳು ಬಿಗಿದು ಕಫ ಕಟ್ಟಿರುತ್ತದೆ, ಒಳಗಿನ ಗಾಳಿ ಹೊರಡುವುದಿಲ್ಲ, ಹೊಸ ಗಾಳಿಗೆ ಎಡೆಯಿಲ್ಲ. ಅಂಗಾತ ಮಲಗಲಾಗದು. ಎದ್ದು ಕೂತು, ಎರಡೂ ಕೈಯನ್ನು ಮಂಚದ ಅಂಚಿಗೆ ಊರಿ, ಹೆಗಲು ಕಿವಿಯ ಹತ್ತಿರಕ್ಕೆ ಏರಿಸಿಕೊಂಡು ಒಂದೊಂದೇ ಉಸಿರನ್ನು ಎಳೆಯಬೇಕು. ಪೂರ್ತಿ ವಾಕ್ಯ ಆಡಲು ಗಾಳಿ ಸಾಲದು, ಎರಡು ಮೂರು ಪದಕ್ಕೇ ಮುಗಿಯುತ್ತದೆ. ಆ ಹೊತ್ತಿಗೆ ನನಗೆ ಬೇಕಾಗುವುದು ಕೈಗೆಟಕುವ ಇನ್‌ಹೇಲರ್ ಮತ್ತು ಕರೆದರೆ ಬರುವ ಒಬ್ಬರು. ಎಪ್ಪತ್ತರ ದಶಕದಲ್ಲಿ ಅಮಿನೋಫಿಲಿನ್, ಅಡ್ರಿನಲಿನ್ ಇಂಜೆಕ್ಷನ್ನುಗಳೂ ಸ್ಟೀರಾಯ್ಡ್ ಮಾತ್ರೆಗಳೂ ಇದ್ದವು. ಅವು ಕೆಲಸ ಮಾಡುತ್ತಿದ್ದವು ಕೂಡ, ಹೊತ್ತಿಗೆ ಸರಿಯಾಗಿ ಕೊಡುವವರಿದ್ದರೆ.

ಹೊರಗಿನಿಂದ ಬೀಗ ಬಿದ್ದ, ತೇವದ, ಮೂಲೆಯಲ್ಲೊಂದು ತೂತೇ ಶೌಚಾಲಯವಾಗಿದ್ದ ಕೋಣೆಯಲ್ಲಿ ಒಂಟಿಯಾಗಿ ದಮ್ಮು ಹತ್ತಿದರೆ? ಅದೇ ಜೈಲಿನಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆ, ರಾತ್ರಿಯ ನಿಶ್ಶಬ್ದದಲ್ಲಿ ಸ್ನೇಹಲತಾ ಕೋಣೆಯ ಕಡೆಯಿಂದ ಚೀರಾಟ ಕೇಳಿಸುತ್ತಿತ್ತೆಂದು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಚಿಕಿತ್ಸೆ ಕ್ರಮವಾಗಿ ಸಿಗಲಿಲ್ಲ. ಎರಡು ಸಲ ಪ್ರಜ್ಞೆ ತಪ್ಪಿ ಕೋಮಾಕ್ಕೆ ಹೋದರು. ಶ್ವಾಸಕೋಶದ ಸೋಂಕು ಬೇರೂರಿತು.

ಈ ಸ್ಥಿತಿಯಲ್ಲೂ ಅವರು ಸುಮ್ಮನೆ ಕೂರಲಿಲ್ಲ. ಜೈಲಿಗೆ ಬಂದ ಹೆಂಗಸರನ್ನು ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡುವ ಪದ್ಧತಿಯನ್ನು ಪ್ರತಿಭಟಿಸಿದರು. ಕಳ್ಳತನ, ಜಗಳ ಅಂತ ಒಳಗೆ ಬಂದು ಕೇಳುವವರಿಲ್ಲದೆ ಬಿದ್ದಿದ್ದ ಹೆಣ್ಣುಮಕ್ಕಳಿಗೆ ಬೀಳುತ್ತಿದ್ದ ಏಟಿನ ವಿರುದ್ಧ, ತಿನ್ನಲಾಗದ ಊಟದ ವಿರುದ್ಧ ಹೋರಾಡಿದರು, ಅವರಿಗೆ ಹಾಡು ಕಲಿಸಿದರು. ನಾಟಕದವರಲ್ಲವೇ, ನಾಲ್ಕು ಜನ ಸಿಕ್ಕರೆ ತಂಡ ಕಟ್ಟದೆ ಇರುತ್ತಾರೆಯೇ! ಇದೆಲ್ಲ ಅವರು ಒಳಗೆ ಬರೆದ ದಿನಚರಿಯಿಂದ ಹೊರಗೆ ಬಂತು. 1977ರಲ್ಲಿ ಅದು ಪುಸ್ತಕವಾಯಿತು.

ಪೆರೋಲಿನ ಮಾತಿಗೆ ಬರುತ್ತೇನೆ. ಕಾಯಿಲೆ ಕೈಮೀರಿದ ಮೇಲೆ ಕೈದಿಯನ್ನು ಬಿಡುವುದನ್ನು ಕರುಣೆ ಎಂದು ಕರೆಯುವ ರೂಢಿ ಬೇರೆ ದೇಶಗಳಲ್ಲೂ ಇದೆ. ಚೀನಾದ ಲಿಯು ಶಿಯಾಬೊ 11 ವರ್ಷದ ಶಿಕ್ಷೆ ಅನುಭವಿಸುತ್ತಿದ್ದಾಗಲೇ 2010ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. 2017ರಲ್ಲಿ ಅವರ ಯಕೃತ್ತಿನ ಕ್ಯಾನ್ಸರ್ ಕೊನೆಯ ಹಂತ ಮುಟ್ಟಿದಾಗ ಅವರಿಗೂ ‘ವೈದ್ಯಕೀಯ ಪೆರೋಲ್’ ಸಿಕ್ಕಿತು. ಶೆನ್ಯಾಂಗಿನ ಆಸ್ಪತ್ರೆಯಲ್ಲಿ, ಕಾವಲಿನ ನಡುವೆಯೇ, ಜುಲೈ 13ರಂದು ಸತ್ತರು. ಕೊನೆ ಗಳಿಗೆಯ ಇಂಥ ಬಿಡುಗಡೆಯಿಂದ ಜೈಲಿಗೆ ಆಗುವ ಅನುಕೂಲ ಸಣ್ಣದಲ್ಲ. ಕೈದಿ ಒಳಗೆ ಸತ್ತರೆ ಮರಣದ ವಿಚಾರಣೆಯಾಗಬೇಕು, ಜೈಲಿನ ವೈದ್ಯ ಏನು ಕೊಟ್ಟ, ಯಾವಾಗ ಕೊಟ್ಟ ಎಂಬ ಪ್ರಶ್ನೆಗಳಿಗೆ ಬಾಯಿಬಿಡಬೇಕು. ಮನೆಯಲ್ಲಿ ಸತ್ತರೆ ಅದು ಆ ಮನೆಯ ದುಃಖ ಮಾತ್ರ. ಸ್ನೇಹಲತಾ ವಿಷಯದಲ್ಲಿ ಯಾರೋ ಕೂತು ಹೀಗೆಯೇ ಲೆಕ್ಕ ಹಾಕಿದರು ಎಂದು ನಾನು ಹೇಳುತ್ತಿಲ್ಲ. ಹಾಗೆ ಲೆಕ್ಕ ಹಾಕುವ ಅಗತ್ಯವೇ ಬೀಳದ ಏರ್ಪಾಡು ಅದಾಗಿತ್ತು. ಅವರ ಮೇಲೆ ಯಾರೂ ಕೈಮಾಡಬೇಕಿರಲಿಲ್ಲ. ಒಂದು ಕಡತ ತಡವಾದರೆ, ಒಂದು ಇಂಜೆಕ್ಷನ್ ನಾಳೆಗೆ ಹೋದರೆ, ರೋಗ ಉಳಿದ ಕೆಲಸ ಮಾಡುತ್ತಿತ್ತು.

ಆ ಜೈಲು ಈಗ ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕ್. 2000ದಲ್ಲಿ ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದರು, 2008ರಲ್ಲಿ ಉದ್ಯಾನ ತೆರೆಯಿತು. ನಡುವಿನ ಕಾವಲು ಗೋಪುರವನ್ನು ಹಾಗೇ ಉಳಿಸಿದ್ದಾರೆ. 2021ರ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಪ್ರತಿಭಟಿಸಬೇಕೆಂದರೆ ಇಲ್ಲಿಗೇ ಬರಬೇಕು, ಅದೂ ಅನುಮತಿ ಪಡೆದು. ಇದನ್ನು ಯೋಚಿಸಿದವರಿಗೆ ಹಾಸ್ಯಪ್ರಜ್ಞೆ ಇತ್ತೋ ಇಲ್ಲವೋ ಗೊತ್ತಿಲ್ಲ.

1976ರ ತೀರ್ಪು ಬಹಳ ಕಾಲ ಹಾಗೇ ನಿಂತಿತ್ತು. ಅದನ್ನು ನೇರವಾಗಿ ತಳ್ಳಿಹಾಕಿದ್ದು 2017ರ ಆಗಸ್ಟ್ 24ರಂದು, ಖಾಸಗಿತನದ ಹಕ್ಕಿನ ಮೊಕದ್ದಮೆಯಲ್ಲಿ. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಳೆಯ ಬಹುಮತದಲ್ಲಿ ವೈ.ವಿ. ಚಂದ್ರಚೂಡ್ ಇದ್ದರು; ಅದು ತಪ್ಪೆಂದು ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್. ಅದಕ್ಕೂ ಮೊದಲೇ, 1978ರ 44ನೇ ತಿದ್ದುಪಡಿ, ತುರ್ತು ಪರಿಸ್ಥಿತಿಯಲ್ಲೂ ಜೀವಿಸುವ ಹಕ್ಕನ್ನು ಅಮಾನತು ಮಾಡುವಂತಿಲ್ಲ ಎಂದು ಕಟ್ಟುಮಾಡಿತ್ತು. ಮಿಸಾವನ್ನು ಜನತಾ ಸರ್ಕಾರ ರದ್ದುಪಡಿಸಿತು. 1980ರಲ್ಲಿ ರಾಷ್ಟ್ರೀಯ ಭದ್ರತಾ ಕಾಯ್ದೆ ಬಂತು, ಇಂದಿಗೂ ಜಾರಿಯಲ್ಲಿದೆ. ಅದರಡಿ ವಿಚಾರಣೆಯಿಲ್ಲದೆ 12 ತಿಂಗಳವರೆಗೆ ಒಬ್ಬರನ್ನು ಇಟ್ಟುಕೊಳ್ಳಬಹುದು. ಬಂಧನ ಸರಿಯೇ ಎಂದು ನೋಡುವ ಸಲಹಾ ಮಂಡಳಿಯ ಮುಂದೆ ತಮ್ಮ ಪರ ವಕೀಲರನ್ನು ನಿಲ್ಲಿಸುವ ಹಕ್ಕು ಬಂಧಿತರಿಗಿಲ್ಲ.