ಕಪಾಟಿನಲ್ಲಿ ಕಾಯುವ ಮೇಣದ ಬ್ಲಾಕು

ಜಗಳೂರು ಸೀಮೆಯ ಹಳ್ಳಿಗಳಿಂದ ಕ್ಯಾನ್ಸರ್ ಚಿಕಿತ್ಸೆಗೆಂದು ದಾವಣಗೆರೆಗೋ, ಅಲ್ಲಿಂದ ಮುಂದೆ ಬೆಂಗಳೂರಿನ ಕಿದ್ವಾಯಿಗೋ ಹೋದವರಿಗೆ ‘ಬ್ಲಾಕು, ಸ್ಲೈಡು ತಂದಿದ್ದೀರಾ?’ ಎಂಬ ಪ್ರಶ್ನೆ ಹೊಸದಲ್ಲ. ಮೊದಲ ಆಸ್ಪತ್ರೆಯಲ್ಲಿ ಬಯಾಪ್ಸಿಗೆ ತೆಗೆದ ಚೂರನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಹುದುಗಿಸಿದ ಗಟ್ಟಿ ತುಂಡೇ ಬ್ಲಾಕು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಬೆನ್ನಿಗೆ ಜಾಲರಿಯಂಥ ಪ್ಲಾಸ್ಟಿಕ್ ಕ್ಯಾಸೆಟ್, ಅದರ ಅಂಚಿನಲ್ಲೊಂದು ನಂಬರು, ಬಿಳಿ ಮೇಣದ ನಡುವೆ ಕಂದು ಮಚ್ಚೆ. ಆ ಮಚ್ಚೆಯಿಂದ ಮೈಕ್ರೋಟೋಮ್ ಎಂಬ ಯಂತ್ರದಲ್ಲಿ ನಾಲ್ಕೈದು ಮೈಕ್ರಾನ್ ದಪ್ಪದ ಪೊರೆ ಹೆರೆದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡಿದರೆ ಕ್ಯಾನ್ಸರ್ ಹೌದೋ ಅಲ್ಲವೋ ಗೊತ್ತಾಗುತ್ತದೆ. ಆಮೇಲೂ ಬ್ಲಾಕು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಕ್ಯಾನ್ಸರಿನ ಗುಟ್ಟು ಹುಡುಕುವವರಿಗೆ ಬೇಕಾದದ್ದು ಇಂಥದ್ದೇ.

ಹೀಗೆ ಮನುಷ್ಯರ ಅಂಗಾಂಶವನ್ನು ಸಂಗ್ರಹಿಸಿ, ಜೋಪಾನ ಮಾಡಿ, ಕೇಳಿದ ಸಂಶೋಧಕರಿಗೆ ಒದಗಿಸುವ ವ್ಯವಸ್ಥೆಗೆ ಅಂಗಾಂಶ ಬ್ಯಾಂಕ್, ಬಯೋಬ್ಯಾಂಕ್ ಎನ್ನುತ್ತಾರೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1987ರಲ್ಲಿ ಇದಕ್ಕೆಂದೇ ಒಂದು ಜಾಲ ಕಟ್ಟಿತು. ಅಲ್ಲಿ ಸಂಶೋಧಕರು ತಮಗೆ ಯಾವ ಗಡ್ಡೆ, ಯಾವ ಸ್ಥಿತಿಯಲ್ಲಿ ಬೇಕೆಂದು ಮೊದಲೇ ಬರೆದು ಕೇಳುತ್ತಾರೆ. ಆಸ್ಪತ್ರೆಗಳು ಆಪರೇಷನ್ ನಡೆದ ಹಾಗೆ ಅದನ್ನು ಎತ್ತಿಟ್ಟು ಕಳಿಸುತ್ತವೆ. ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ ಗಡ್ಡೆಗಳ ಭಂಡಾರವಿದೆ. ನಮ್ಮ ರಾಜ್ಯದಲ್ಲಿ ಹೆಸರಾದದ್ದು ಬೆಂಗಳೂರಿನ ನಿಮ್ಹಾನ್ಸ್‌ನ ಮಿದುಳು ಬ್ಯಾಂಕ್. 1995ರಲ್ಲಿ ನರರೋಗಗಳ ಪೆಥಾಲಜಿಸ್ಟ್ ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ ಶುರುವಾದದ್ದು. ಮರಣೋತ್ತರ ಪರೀಕ್ಷೆಯ ಹೊತ್ತಿನಲ್ಲಿ, ದುಃಖದ ನಡುವೆಯೇ ‘ಆಗಲಿ’ ಎಂದ ಕುಟುಂಬಗಳ ಔದಾರ್ಯದಿಂದ ಅದು ಬೆಳೆದಿದೆ. ಪಕ್ಕದ ಮಿದುಳು ಮ್ಯೂಸಿಯಂ ಜನಸಾಮಾನ್ಯರಿಗೂ ತೆರೆದಿದೆ. ಬೆಂಗಳೂರಿಗೆ ಹೋದ ನಮ್ಮ ಹೈಸ್ಕೂಲ್ ಮಕ್ಕಳು ಲಾಲ್‌ಬಾಗ್ ಜೊತೆ ಇದನ್ನೂ ನೋಡಿ ಬರಬೇಕು.

ಕ್ಯಾನ್ಸರ್ ಅಂಗಾಂಶದ ಕೆಲಸ ಗಡಿಯಾರದ ಜೊತೆಗಿನ ಓಟ. ಸರ್ಜನ್ ಗಡ್ಡೆಗೆ ರಕ್ತ ಹರಿಸುವ ನಾಳ ಕಟ್ಟಿದ ಕ್ಷಣದಿಂದಲೇ ಒಳಗಿನ ಜೀವಕೋಶಗಳು ಬದಲಾಗತೊಡಗುತ್ತವೆ. ಆರ್‌ಎನ್‌ಎಯಂತೂ ಬಹಳ ನಾಜೂಕು. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಕಾದ ತಂತ್ರಜ್ಞರು ಗಡ್ಡೆಯನ್ನು ಐಸ್ ಮೇಲಿಟ್ಟು ಪೆಥಾಲಜಿ ವಿಭಾಗಕ್ಕೆ ಒಯ್ಯುತ್ತಾರೆ. ರೋಗ ಎಷ್ಟು ಹರಡಿದೆ, ಅಂಚಿನಲ್ಲಿ ಉಳಿದಿದೆಯೇ ಎಂದು ತಿಳಿಯಲು ಬೇಕಾದ ಭಾಗವನ್ನು ಪೆಥಾಲಜಿಸ್ಟ್ ಮೊದಲು ತೆಗೆದಿಡುತ್ತಾರೆ. ಅದು ರೋಗಿಯ ಪಾಲು, ಅದನ್ನು ಯಾರೂ ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಗಡ್ಡೆಯದೊಂದು ಚೂರು, ಪಕ್ಕದ ಆರೋಗ್ಯವಂತ ಭಾಗದ್ದೊಂದು ಚೂರು, ಪುಟ್ಟ ಪ್ಲಾಸ್ಟಿಕ್ ಟ್ಯೂಬುಗಳಲ್ಲಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಇಳಿಯುತ್ತವೆ. ಟ್ಯೂಬಿನ ಮೇಲೆ ಹೆಸರಿರುವುದಿಲ್ಲ, ಬಾರ್‌ಕೋಡ್ ಇರುತ್ತದೆ. ಮುಂದೆ ವಿಜ್ಞಾನಿಗಳ ಸಮಿತಿ, ನೈತಿಕತೆಯ ಸಮಿತಿ ಎರಡೂ ಒಪ್ಪಿದ ಮೇಲೆ ಅದು ಡ್ರೈ ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇನ್ನೊಂದು ಲ್ಯಾಬಿಗೆ ಹೋಗುತ್ತದೆ.

ಇಷ್ಟು ಮಾಡಿದರೂ ಗಡ್ಡೆ ಒಂದೇ ಇದ್ದರೆ ಸಾಲದು. ಆಮೇಲೆ ಆ ರೋಗಿ ಏನಾದರು ಎಂಬುದೂ ಬೇಕು. ಸ್ತನ ಕ್ಯಾನ್ಸರ್ ರಿಪೋರ್ಟಿನಲ್ಲಿ ಇವತ್ತು ‘ಹರ್-2’ ಎಂಬ ಸಾಲು ಇರುತ್ತದಲ್ಲ, ಅದರ ಹಿಂದೆ ಇದೇ ಕಥೆಯಿದೆ. ಲಾಸ್ ಏಂಜಲೀಸ್‌ನ ಡೆನ್ನಿಸ್ ಸ್ಲೇಮನ್ 1980ರ ದಶಕದಲ್ಲಿ ಮೊದಲು 103 ಗಡ್ಡೆಗಳನ್ನು ಪರೀಕ್ಷಿಸಿದಾಗ ಹರ್-2 ಜೀನ್‌ನ ಪ್ರತಿಗಳು ಕೆಲವರಲ್ಲಿ ಹೆಚ್ಚಿದ್ದವು. ಅದರ ಅರ್ಥ ಖಚಿತವಾಗಲು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ವಿಲಿಯಂ ಮೆಗ್ವೈರ್ ಕಟ್ಟಿದ್ದ ಗಡ್ಡೆಗಳ ಭಂಡಾರ ಬೇಕಾಯಿತು. ಅಲ್ಲಿ ಪ್ರತಿ ಗಡ್ಡೆಯ ಜೊತೆಗೆ ಆ ಹೆಂಗಸಿಗೆ ರೋಗ ಮರುಕಳಿಸಿತೇ, ಎಷ್ಟು ವರ್ಷ ಬದುಕಿದರು ಎಂಬ ದಾಖಲೆಯಿತ್ತು. ಅಲ್ಲಿಂದ ಬಂದ 86 ಗಡ್ಡೆಗಳು ಸೇರಿ ಒಟ್ಟು 189. ಪ್ರತಿಗಳು ಹೆಚ್ಚಿದ್ದವರಿಗೆ ರೋಗ ಬೇಗ ಮರಳುತ್ತದೆ ಎಂದು 1987ರಲ್ಲಿ ಪ್ರಕಟವಾಯಿತು. ಈ ಹರ್-2ನ್ನೇ ಗುರಿಯಾಗಿಸಿದ ಹರ್ಸೆಪ್ಟಿನ್ ಔಷಧಕ್ಕೆ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಅಲ್ಲಿಯವರ ಗಡ್ಡೆಯಿಂದ ನಮಗೂ ಔಷಧ ಸಿಕ್ಕಿತು, ನಿಜ. ಆದರೆ ನಮ್ಮ ರೋಗ ಎಲ್ಲವೂ ಅವರ ರೋಗವಲ್ಲ. ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸಿ ದವಡೆಯಲ್ಲಿ ಒತ್ತಿಟ್ಟುಕೊಳ್ಳುವವರಿಗೆ ಕೆನ್ನೆಯ ಒಳಭಾಗ, ಒಸಡಿನಲ್ಲಿ ಏಳುವ ಕ್ಯಾನ್ಸರ್ ಭಾರತದಲ್ಲೇ ಹೆಚ್ಚು. ಪಶ್ಚಿಮ ಬಂಗಾಳದ ಕಲ್ಯಾಣಿಯ ಜೀನೋಮ್ ಸಂಸ್ಥೆ ಮತ್ತು ಟಾಟಾ ಮೆಮೋರಿಯಲ್‌ನ ಸಂಶೋಧನಾ ಕೇಂದ್ರ ಸೇರಿ 110 ರೋಗಿಗಳ ಅಂಗಾಂಶ ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದವು. ಮೊದಲೇ ಗೊತ್ತಿದ್ದ ಜೀನ್‌ಗಳ ಜೊತೆಗೆ ಈ ಬಗೆಯ ಕ್ಯಾನ್ಸರಿನಲ್ಲೇ ಬದಲಾವಣೆ ಕಾಣುವ ಐದು ಹೊಸವು ಸಿಕ್ಕವು. ನಮ್ಮವರು ಚೂರು ಕೊಡದಿದ್ದರೆ ಇವು ಸಿಗುವ ದಾರಿಯೇ ಇರಲಿಲ್ಲ.

ಬೆಂಗಳೂರಿನಲ್ಲೂ ಇಂಥ ಕೆಲಸ ನಡೆದಿದೆ. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು 2008ರಿಂದ 2013ರ ನಡುವೆ ತಮ್ಮ ಆಸ್ಪತ್ರೆ ಮತ್ತು ರಂಗದೊರೆ ಮೆಮೋರಿಯಲ್ ಆಸ್ಪತ್ರೆಯ ಸ್ತನ ಕ್ಯಾನ್ಸರ್ ರೋಗಿಗಳನ್ನು ಒಪ್ಪಿಗೆಯ ಮೇಲೆ ಸೇರಿಸಿಕೊಂಡು, ಗಡ್ಡೆ ಉಳಿಸಿ, ಅವರ ಆರೋಗ್ಯದ ಜಾಡನ್ನು ವರ್ಷಾನುಗಟ್ಟಲೆ ಹಿಡಿದರು. ಮೇಣದ ಬ್ಲಾಕುಗಳಿಂದಲೇ ಎಷ್ಟೋ ಸಂಗತಿ ತಿಳಿಯಿತು. ನನಗೆ ಇದು ಮುಖ್ಯವಾಗಿ ಕಾಣುತ್ತದೆ. ದ್ರವ ಸಾರಜನಕದ ಪಾತ್ರೆ ದೊಡ್ಡ ಊರಿನ ಮಾತು, ಮೇಣದ ಬ್ಲಾಕು ಜಿಲ್ಲೆಯಲ್ಲೂ ಇದೆ. ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರು ದಶಕದಿಂದ ನಡೆಯುತ್ತಿದೆ. ಪೆಥಾಲಜಿ ವಿಭಾಗ ಇದ್ದಲ್ಲೆಲ್ಲ ಬ್ಲಾಕುಗಳ ಕಪಾಟು ಇದ್ದೇ ಇರುತ್ತದೆ.

ಒಪ್ಪಿಗೆಯ ಮಾತಿಗೆ ಬರೋಣ. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ತೀರಿಕೊಂಡ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಜೀವಕೋಶಗಳನ್ನು ಆಕೆಯನ್ನು ಕೇಳದೆಯೇ ತೆಗೆದು ಜಗತ್ತಿನ ಲ್ಯಾಬುಗಳಿಗೆಲ್ಲ ಹಂಚಿದರು. ಅವನ್ನು ಮಾರಿ ಲಾಭ ಮಾಡಿದ ಕಂಪನಿಯೊಂದರ ಜೊತೆ ಆಕೆಯ ಕುಟುಂಬದ ವ್ಯಾಜ್ಯ ಇತ್ಯರ್ಥವಾದದ್ದು 2023ರಲ್ಲಿ. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ಸಂಶೋಧನೆಗೆ ಒಪ್ಪಿಗೆ ಕೇಳಬೇಕು, ಕೊಟ್ಟವರು ಹಿಂತೆಗೆದುಕೊಳ್ಳಬಹುದು, ಗುರುತು ಗುಟ್ಟಾಗಿರಬೇಕು.

ಕಾಗದದ ಮೇಲೆ ಇದೆಲ್ಲ ಸರಿ. ಆದರೆ ನಮ್ಮ ಮನೆಗಳಲ್ಲಿ ರೋಗಿಗೆ ರೋಗದ ಹೆಸರೇ ಹೇಳಿರುವುದಿಲ್ಲ. ಆಪರೇಷನ್ ದಿನ ಬೆಳಿಗ್ಗೆ ನಾಲ್ಕಾರು ಹಾಳೆಗೆ ಮಗ ಸಹಿ ಹಾಕಿರುತ್ತಾನೆ, ಅದರಲ್ಲಿ ಸಂಶೋಧನೆಯ ಒಪ್ಪಿಗೆಯೂ ಒಂದು. ಹಾಗಾಗಬಾರದು. ಹಿಂದಿನ ದಿನ ಯಾರಾದರೂ ಮಂಚದ ಪಕ್ಕ ಕೂತು, ‘ಅವ್ವಾ, ಪರೀಕ್ಷೆಗೆ ಬೇಕಾದ್ದು ತಗೊಂಡು ಉಳಿದ ಗಡ್ಡೆಯಲ್ಲಿ ಒಂದು ಚೂರು ಸಂಶೋಧನೆಗೆ ಇಟ್ಕೊಳ್ಳಬಹುದಾ? ಬೇಡ ಅಂದ್ರೂ ನಿಮ್ಮ ಚಿಕಿತ್ಸೆಗೆ ಏನೂ ಕಮ್ಮಿ ಆಗಲ್ಲ’ ಎಂದು ಕೇಳಲು ಹತ್ತು ನಿಮಿಷ ಸಾಕು. ಇಂಗ್ಲಿಷ್ ಹಾಳೆ ಕೊಟ್ಟರೆ ಕನ್ನಡದ್ದು ಕೊಡಿ ಎಂದು ಕೇಳುವುದು ರೋಗಿಯ ಹಕ್ಕು.

ಇನ್ನು ಉಳಿಯುವುದು ಆಮೇಲಿನ ವರ್ಷಗಳು. ಚಿಕಿತ್ಸೆ ಮುಗಿಸಿ ಜಗಳೂರಿಗೆ ಮರಳಿದವರು ಮತ್ತೆ ಬೆಂಗಳೂರಿಗೆ ತೋರಿಸಲು ಹೋಗಬೇಕೆಂದರೆ ಬಸ್ ಚಾರ್ಜು, ಜೊತೆಗೊಬ್ಬರು, ಇಬ್ಬರದೂ ಕೂಲಿ ನಷ್ಟ. ಎರಡು ಸಲ ಹೋಗುತ್ತಾರೆ, ಮೂರನೆಯದಕ್ಕೆ ನಿಲ್ಲಿಸುತ್ತಾರೆ. ಮೊಬೈಲ್ ನಂಬರ್ ಬದಲಾಗುತ್ತದೆ. ಮಳೆ ಕೈಕೊಟ್ಟ ವರ್ಷ ಮನೆಮಂದಿಯೇ ಗುಳೆ ಹೋಗಿರುತ್ತಾರೆ. ಆಗ ಕಪಾಟಿನಲ್ಲಿ ಅವರ ಬ್ಲಾಕು ಇದ್ದರೂ ಅದರ ಕಥೆ ಅರ್ಧಕ್ಕೆ ನಿಂತಿರುತ್ತದೆ, ಸಂಶೋಧನೆಯ ಲೆಕ್ಕದಿಂದ ನಮ್ಮ ತಾಲ್ಲೂಕು ಬಿಟ್ಟುಹೋಗುತ್ತದೆ. ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ 30 ವರ್ಷ ದಾಟಿದವರ ಪಟ್ಟಿ ಹಿಡಿದು ಮನೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆಗೆ ಈ ಮನೆಗಳೆಲ್ಲ ಗೊತ್ತು. ಆಸ್ಪತ್ರೆಯವರು ರೋಗಿಯ ಒಪ್ಪಿಗೆ ಪಡೆದು ವರ್ಷಕ್ಕೊಮ್ಮೆ ಆಕೆಗೆ ಫೋನ್ ಮಾಡಿದರೆ, ಆಕೆಗೆ ಅದಕ್ಕಿಷ್ಟು ಗೌರವಧನ ಕೊಟ್ಟರೆ, ‘ಚೆನ್ನಾಗಿದಾರೆ ಸಾರ್, ಮೊನ್ನೆ ಶೇಂಗಾ ಕೀಳೋಕೆ ಹೋಗಿದ್ರು’ ಎಂಬ ಒಂದು ಮಾತು ಆ ಬ್ಲಾಕಿನ ನಂಬರಿನ ಮುಂದೆ ದಾಖಲಾಗುತ್ತದೆ.