ಪಲ್ಪ್ ಆಮದು ಏರಿದರೆ ನಮ್ಮ ಮರಕ್ಕೆ ಧಾರಣೆ ಏರುತ್ತದೆಯೇ?

ಮರದ ಚಕ್ಕೆಯನ್ನು ಬೇಯಿಸಿ ತೆಗೆದ ನಾರಿನ ಮುದ್ದೆಯೇ ಪಲ್ಪ್. ಕಾಗದ, ರಟ್ಟು, ರೇಯಾನ್ ಬಟ್ಟೆಗೆಲ್ಲ ಇದು ಬೇಕು. ಭಾರತ, ಚೀನಾ ಎರಡೂ ಇದನ್ನು ಹೊರದೇಶಗಳಿಂದ ತರಿಸುತ್ತವೆ. ಎರಡು ದೇಶಗಳ ಆಮದು ಮೌಲ್ಯದ ಗೆರೆಚಿತ್ರ ಈಗ ಮೊಬೈಲಿನಲ್ಲೇ ಸಿಗುತ್ತದೆ. ಗೆರೆ ಏರಿದ್ದನ್ನು ತೋರಿಸಿ "ಅಕೇಶಿಯಕ್ಕೆ ಒಳ್ಳೆ ಕಾಲ ಬಂತು, ಈಗ ಕಡಿಯಬೇಡಿ" ಅಂತ ಹೇಳುವವರಿದ್ದಾರೆ. ಕೋಡಿಂಬಾಳದ ನನ್ನ ನೀರಿಲ್ಲದ ಗುಡ್ಡೆಯಲ್ಲೂ ಗೇರಿನ ಬದಿಗೆ ಅಕೇಶಿಯ ಇದೆ. ಹಾಗಾಗಿ ಈ ಗೆರೆಯನ್ನು ಓದುವುದು ಹೇಗೆಂದು ನೋಡಿದೆ. ಏಳನೇ ಕ್ಲಾಸಿನ ಗುಣಾಕಾರ ಸಾಕು.

ಮೌಲ್ಯ ಬೇರೆ, ತೂಕ ಬೇರೆ

ಅಡಿಕೆ ಮಾರಿ ಈ ವರ್ಷ ಹೆಚ್ಚು ಹಣ ಬಂತೆಂದರೆ ಫಸಲು ಹೆಚ್ಚಾಯಿತೆಂದೇ ಅರ್ಥವಲ್ಲ. ಧಾರಣೆ ಏರಿರಲೂಬಹುದು. ಆಮದೂ ಹಾಗೆಯೇ. ಚೀನಾ 2020ರಲ್ಲಿ ಸುಮಾರು 3 ಕೋಟಿ ಟನ್ ಪಲ್ಪ್ ತರಿಸಿತು. 2021ರಲ್ಲಿ ತೂಕ ಸ್ವಲ್ಪ ಇಳಿಯಿತು, ಮೌಲ್ಯ ಮಾತ್ರ ಏರಿತು. ಕಾರಣ, ಲೋಕದ ಮಾರುಕಟ್ಟೆಯಲ್ಲೇ ಪಲ್ಪಿನ ಬೆಲೆ ಜಿಗಿದಿತ್ತು.

ನಮ್ಮ ಲೆಕ್ಕಕ್ಕೆ ರೂಪಾಯಿಯೂ ಸೇರುತ್ತದೆ. ಟನ್ನಿಗೆ 600 ಡಾಲರಿನಂತೆ 10 ಟನ್ ತರಿಸಿದರೆಂದು ಇಟ್ಟುಕೊಳ್ಳಿ. ಡಾಲರಿಗೆ ಸುಮಾರು 46 ರೂಪಾಯಿ ಇದ್ದ 2010ರಲ್ಲಿ ಅದು 2,76,000 ರೂಪಾಯಿ. ಸುಮಾರು 82 ರೂಪಾಯಿ ಆದ 2023ರಲ್ಲಿ 4,92,000. ಸರಕು ಒಂದು ಕಿಲೋ ಹೆಚ್ಚಾಗಿಲ್ಲ ನೋಡಿ! ಆದ್ದರಿಂದ ಎರಡು ದೇಶಗಳನ್ನು ಹೋಲಿಸುವಾಗ ಎರಡನ್ನೂ ಡಾಲರಿನಲ್ಲೇ ನೋಡಬೇಕು, ಪಕ್ಕದಲ್ಲಿ ತೂಕವನ್ನೂ ಇಟ್ಟುಕೊಳ್ಳಬೇಕು.

ಒಂದೇ ಪಟ್ಟಿ, ಹಲವು ಸರಕು

ಸುಂಕದ ಪಟ್ಟಿಯ 47ನೇ ಅಧ್ಯಾಯದಲ್ಲಿ ಪಲ್ಪಿನ ಜೊತೆ ರದ್ದಿ ಕಾಗದವೂ ಇದೆ. ಭಾರತ ರದ್ದಿಯನ್ನು ಧಾರಾಳ ತರಿಸುತ್ತದೆ. ಚೀನಾವೋ 2021ರಿಂದ ರದ್ದಿ ಆಮದನ್ನೇ ನಿಲ್ಲಿಸಿದೆ. ಇಡೀ ಅಧ್ಯಾಯದ ಮೊತ್ತ ಹೋಲಿಸಿದರೆ ರದ್ದಿ ಕೂಡಿದ ಲೆಕ್ಕವನ್ನು ರದ್ದಿ ಇಲ್ಲದ ಲೆಕ್ಕಕ್ಕೆ ಹೋಲಿಸಿದ ಹಾಗಾಯಿತು.

ನಾರಿನಲ್ಲೂ ಜಾತಿ ಉಂಟು. ಪೈನಿನಂಥ ಚಳಿದೇಶದ ಮರಗಳದ್ದು ಉದ್ದ ನಾರು, ಕಾಗದಕ್ಕೆ ಗಟ್ಟಿತನ ಕೊಡುತ್ತದೆ. ಅಕೇಶಿಯ, ನೀಲಗಿರಿಯದ್ದು ಗಿಡ್ಡ ನಾರು. ಉದ್ದ ನಾರಿನ ಆಮದು ಎಷ್ಟು ಏರಿದರೂ ಆ ಜಾಗಕ್ಕೆ ನಮ್ಮ ಅಕೇಶಿಯ ಆಗುವುದಿಲ್ಲ. ಗಿಡ್ಡ ನಾರಿನದ್ದು ಇನ್ನೊಂದು ಕತೆ. ಬ್ರೆಜಿಲಿನ ನೀಲಗಿರಿ ಪಲ್ಪ್, ಇಂಡೋನೇಷ್ಯಾದ ಅಕೇಶಿಯ ಪಲ್ಪ್ ಹಡಗಿನಲ್ಲಿ ಬರುವುದೆಂದರೆ ಅದು ನಮ್ಮ ಮರಕ್ಕೇ ಪೈಪೋಟಿ. ಅಂಥ ಆಮದು ಏರಿದರೆ ನಮಗೆ ಲಾಭವೆಂದು ಹೇಗೆ ಹೇಳುವುದು?

ನಮ್ಮ ಬೆಲೆ ಎಲ್ಲಿ ನಿಲ್ಲುತ್ತದೆ?

ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಶುರುವಾದದ್ದು. ಅದು ನಿಂತು ವರ್ಷಗಳೇ ಆದವು. ಉಳಿದಂತೆ ದಾಂಡೇಲಿ, ಹರಿಹರ ಇವೆ, ಎರಡೂ ನಮಗೆ ದೂರ. ಕಾರ್ಖಾನೆಯ ದರದಿಂದ ಕಡಿಯುವ ಕೂಲಿ, ಸಿಪ್ಪೆ ತೆಗೆಯುವ ಕೂಲಿ, ಲೋಡಿಂಗು, ಲಾರಿ ಬಾಡಿಗೆ, ಮಧ್ಯದವರ ಪಾಲು ಎಲ್ಲ ಕಳೆದು ಉಳಿದದ್ದು ನಮಗೆ.

ಗೆರೆ ತೋರಿಸಿದವರಲ್ಲಿ ನಾಲ್ಕು ಪ್ರಶ್ನೆ ಕೇಳಿ: ಇದು ರೂಪಾಯಿಯೋ ಡಾಲರೋ? ತೂಕ ಎಷ್ಟು? ರದ್ದಿ ಸೇರಿದೆಯೋ? ಯಾವ ನಾರು? ಇದಾದ ಮೇಲೆ ಕಾರ್ಖಾನೆಯ ಇಂದಿನ ದರವನ್ನೂ ಲಾರಿ ಬಾಡಿಗೆಯನ್ನೂ ವಿಚಾರಿಸಿ. ಮರ ಕಡಿಯಬೇಕೋ ಇನ್ನೆರಡು ಮಳೆಗಾಲ ಬಿಡಬೇಕೋ ಎಂಬ ತೀರ್ಮಾನ ಈ ಲೆಕ್ಕದ ಮೇಲೆ ಆಗಲಿ, ಚೀನಾದ ಗೆರೆಯ ಮೇಲೆ ಬೇಡ.